ಏರ್ ಸಾಲುತ್ತಿಲ್ಲವೇ? ಹೆಡ್ ಬಿಚ್ಚುವ ಮೊದಲು ಇಷ್ಟು ನೋಡಿ

ಹೆಬ್ಬಾಳ, ಹೂಟಗಳ್ಳಿ, ತೂಬಿನಕೆರೆ ಕಡೆಯ ಶೆಡ್‌ಗಳಲ್ಲಿ ಬೆಲ್ಟ್‌ ಮೇಲೆ ಓಡುವ ಎರಡು ಸ್ಟೇಜಿನ ಪಿಸ್ಟನ್ ಕಂಪ್ರೆಸರ್ ಇಟ್ಟುಕೊಂಡವರಿಗೆ ಈ ಬರಹ. ‘ಏರ್ ಸಾಲ್ತಿಲ್ಲ’ ಅಂದ ಕೂಡಲೇ ಪಿಸ್ಟನ್ ರಿಂಗ್ ಹೋಗಿದೆ ಎಂದು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಲು ಕೂರುವುದು ರೂಢಿ. ರಿಂಗಿನ ಸರದಿ ಕೊನೆಗೆ.

ಮೊದಲು ಸೋರಿಕೆ ಅಳೆಯಿರಿ. ಊಟದ ಬಿಡುವಿನಲ್ಲಿ ಮಿಷನ್‌ಗಳೆಲ್ಲ ನಿಂತಿರಲಿ, ಲೈನ್ ವಾಲ್ವ್ ತೆರೆದಿರಲಿ, ಕಂಪ್ರೆಸರ್ ಆನ್ ಇರಲಿ. ಎಷ್ಟು ಹೊತ್ತು ಓಡಿತು, ಕಟ್ ಆಫ್ ಆಗಿ ಎಷ್ಟು ಹೊತ್ತು ನಿಂತಿತು, ಎರಡನ್ನೂ ಬರೆದುಕೊಳ್ಳಿ. 2 ನಿಮಿಷ ಓಡಿ 8 ನಿಮಿಷ ನಿಂತರೆ 10ರಲ್ಲಿ 2, ಅಂದರೆ ಶೇ 20ರಷ್ಟು ಗಾಳಿ ಪುಕ್ಕಟೆ ಹೋಗುತ್ತಿದೆ. ಶೇ 10ರೊಳಗಿದ್ದರೆ ಪರವಾಗಿಲ್ಲ. ಕಪ್ಲರ್, ಹೋಸ್ ಕ್ಲಿಪ್, ಫಿಲ್ಟರ್ ಬಟ್ಟಲುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇದನ್ನು ಬಿಟ್ಟು ಪ್ರೆಷರ್ ಸ್ವಿಚ್ (ಒತ್ತಡ ನೋಡಿ ಮೋಟಾರ್ ನಿಲ್ಲಿಸುವ ಸ್ವಿಚ್) ಏರಿಸುವುದು ತೂತಿನ ಬಿಂದಿಗೆಗೆ ಇನ್ನಷ್ಟು ನೀರು ಹೊಯ್ದ ಹಾಗೆ: 1 ಬಾರ್ ಹೆಚ್ಚಿಸಿದರೆ ಕರೆಂಟು ಸುಮಾರು ಶೇ 6–7 ಹೆಚ್ಚು, ಸೋರಿಕೆಯೂ ಹೆಚ್ಚು.

ಲೈನ್ ವಾಲ್ವ್ ಮುಚ್ಚಿ, ಮೋಟಾರ್ ನಿಂತ ಮೇಲೂ ಗೇಜಿನ ಮುಳ್ಳು ಇಳಿಯುತ್ತಿದೆಯೇ? ಹಾಗಾದರೆ ದೋಷ ಟ್ಯಾಂಕಿನ ಬಳಿಯೇ ಇದೆ. ಪ್ರೆಷರ್ ಸ್ವಿಚ್‌ ಪಕ್ಕಕ್ಕೆ ಕಿವಿ ಕೊಡಿ. ಮೋಟಾರ್ ನಿಂತಾಗ ಒಂದೆರಡು ಸೆಕೆಂಡು ‘ಸುಸ್’ ಅನ್ನುವುದು ಸಹಜ. ಹೆಡ್ಡಿನ ಗಾಳಿ ಹೊರಬೀಳುವ ಸದ್ದು ಅದು. ನಿಲ್ಲದೆ ‘ಸುಸ್’ ಅನ್ನುತ್ತಲೇ ಇದ್ದರೆ ಎನ್‌ಆರ್‌ವಿ (ಟ್ಯಾಂಕಿನ ಗಾಳಿ ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್) ಸರಿಯಾಗಿ ಕೂರುತ್ತಿಲ್ಲ. ಮೇನ್ ಸ್ವಿಚ್ ತೆಗೆದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮುಳ್ಳು ಸೊನ್ನೆಗೆ ಬಂದ ಮೇಲಷ್ಟೇ ಅದನ್ನು ಬಿಚ್ಚಿ. ಸೀಟಿನ ಮೇಲಿನ ಕಾರ್ಬನ್ ಬಟ್ಟೆಯಲ್ಲಿ ಒರೆಸಿ; ಗೀರು ಬಿದ್ದಿದ್ದರೆ ಬದಲಿಸಿ. ಪೆಟ್ರೋಲ್, ಸೀಮೆಎಣ್ಣೆ ಹತ್ತಿರ ತರಬೇಡಿ: ಬಿಸಿ ಗಾಳಿಯ ದಾರಿಯಲ್ಲಿ ಅವುಗಳ ಆವಿ ಉಳಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಇನ್ನು ವಾಲ್ವ್ ಪ್ಲೇಟ್. ಓಡುವಾಗ ಏರ್ ಫಿಲ್ಟರ್ ಮುಂದೆ ಅಂಗೈ ಹಿಡಿಯಿರಿ; ಗಾಳಿ ವಾಪಸ್ ಕೈಗೆ ಹೊಡೆದರೆ ದೊಡ್ಡ ಸಿಲಿಂಡರಿನ ಸಕ್ಷನ್ ವಾಲ್ವ್ ಮುರಿದಿದೆ ಅಥವಾ ಕಸ ಸಿಕ್ಕಿದೆ. ಎರಡು ಸಿಲಿಂಡರ್‌ಗಳ ನಡುವೆ ಗಾಳಿ ತಣಿಸುವ ಇಂಟರ್‌ಕೂಲರಿನ ಸೇಫ್ಟಿ ವಾಲ್ವ್ ಪದೇಪದೇ ಹಾರಿದರೆ ಚಿಕ್ಕ ಸಿಲಿಂಡರಿನ ವಾಲ್ವ್ ನೋಡಿ. ಆ ಸೇಫ್ಟಿ ವಾಲ್ವನ್ನು ಬಿಗಿದು ಬಾಯಿ ಮುಚ್ಚಿಸುವ ಬುದ್ಧಿವಂತಿಕೆ ಮಾತ್ರ ಬೇಡ.

ಆಲೆಮನೆ ಹತ್ತಿರದ ಶೆಡ್ಡಾದರೆ ರಚ್ಚಿನ (ಕಬ್ಬಿನ ಸಿಪ್ಪೆಯ) ಧೂಳು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ವಾರಕ್ಕೊಮ್ಮೆ ನೋಡಿ. ಪೇಪರ್ ಫಿಲ್ಟರಿಗೆ ನೀರು ಸೋಕಿಸಬಾರದು. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಿರಿ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10–12 ಮಿ.ಮೀ. ಬಗ್ಗಿದರೆ ಸಾಕು. ಟ್ಯಾಂಕಿನ ನೀರು ದಿನಾ ಸಂಜೆ ಬಿಡಿ. ಕರೆಂಟು ಲೈನಿನ ಕೆಲಸ ನಡೆದ ಮೇಲೆ ಫ್ಲೈವೀಲ್ ಬಾಣದ ಗುರುತಿನತ್ತಲೇ ತಿರುಗುತ್ತಿದೆಯೇ ನೋಡಿ: ಫೇಸ್ ಅದಲುಬದಲಾದರೂ ಏರ್ ಬರುತ್ತದೆ, ಆದರೆ ಫ್ಲೈವೀಲಿನ ಗಾಳಿ ತಾಗದೆ ಹೆಡ್ ಬಿಸಿಯಾಗುತ್ತದೆ.

ಆಯಿಲ್ ಗಾಜಿನ ಅರ್ಧದಲ್ಲಿರಲಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಿ. ಕಂಪನಿ ಹೇಳಿದ ಗ್ರೇಡಿನ ಕಂಪ್ರೆಸರ್ ಆಯಿಲ್ಲೇ ಆಗಬೇಕು. ಎಂಜಿನ್ ಆಯಿಲ್ ವಾಲ್ವಿನ ಮೇಲೆ ಕಾರ್ಬನ್ ಕಟ್ಟುತ್ತದೆ.

ಇಷ್ಟೆಲ್ಲ ಸರಿಯಿದ್ದೂ ವಾರ ವಾರ ಆಯಿಲ್ ಇಳಿಯುತ್ತಿದ್ದರೆ, ಬ್ರೀದರಿನಿಂದ (ಆಯಿಲ್ ಇರುವ ಕ್ರ್ಯಾಂಕ್‌ಕೇಸಿನ ಗಾಳಿಕಿಂಡಿ) ಹೊಗೆ ಬುಸುಗುಡುತ್ತಿದ್ದರೆ, ಆಗ ರಿಂಗ್ ಬಿಚ್ಚಿ. ಹೊಸ ರಿಂಗ್ ಹಾಕುವಾಗ ಅವುಗಳ ಬಾಯಿಗಳು (ತುದಿಗಳ ನಡುವಿನ ಸಂದುಗಳು) ಒಂದೇ ಸಾಲಿಗೆ ಬರದಂತೆ ತಿರುಗಿಸಿ ಕೂರಿಸಿ.