ಗಂಟುಗಳಲ್ಲಿ ಲೆಕ್ಕ: ತರಗತಿಯಲ್ಲಿ ಇಂಕಾ ಕಿಪು ಕಟ್ಟಿಸುವ ಬಗೆ

ಬೇರೆ ದೇಶಗಳ ಸಂಸ್ಕೃತಿಯನ್ನು ಪರಿಚಯಿಸುವಾಗ ಮಕ್ಕಳಿಗೆ ವೇಷ ಹಾಕಿಸಿ, ಬಾವುಟ ಬರೆಸಿ ಮುಗಿಸುವುದು ಅನೇಕ ಶಾಲೆಗಳಲ್ಲಿ ವಾಡಿಕೆ. ಅದಕ್ಕಿಂತ ಒಂದು ಜನಾಂಗದ ಒಂದೇ ಒಂದು ವಿದ್ಯೆಯನ್ನು ಆರಿಸಿಕೊಂಡು, ಆ ಜನ ಅದನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದರೋ ಅದೇ ಬಗೆಯ ಕೆಲಸಕ್ಕೆ ಮಕ್ಕಳೂ ಬಳಸುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಬಿಡಿ, ಹತ್ತು, ನೂರುಗಳ ಸ್ಥಾನಬೆಲೆ ಕಲಿತಿರುವ ನಾಲ್ಕು, ಐದನೆಯ ತರಗತಿಯವರಿಗೆ ಇಂಕಾ ಜನರ ಕಿಪು, ಅಂದರೆ ಹುರಿಗಳಲ್ಲಿ ಗಂಟು ಹಾಕಿ ಲೆಕ್ಕ ಇಡುವ ಸಾಧನ, ಬಹಳ ಒಪ್ಪುತ್ತದೆ.

ಇಂದಿನ ಪೆರುವಿನ ಕುಸ್ಕೊ ನಗರ ರಾಜಧಾನಿಯಾಗಿದ್ದ ಇಂಕಾ ಸಾಮ್ರಾಜ್ಯ, 1532ರಲ್ಲಿ ಸ್ಪೇನಿನವರು ಏರಿಬರುವ ಹೊತ್ತಿಗೆ ಆಂಡೀಸ್ ಪರ್ವತಗಳ ಉದ್ದಕ್ಕೂ ಹರಡಿತ್ತು. ಜನಗಣತಿಯನ್ನೂ ಉಗ್ರಾಣಗಳ ದಾಸ್ತಾನನ್ನೂ ಕಿಪುಕಾಮಾಯೊಕ್ ಎಂಬ ಲೆಕ್ಕಿಗರು ಹತ್ತಿಯ ಅಥವಾ ಉಣ್ಣೆಯ ಹುರಿಗಳಲ್ಲಿ ಗಂಟು ಹಾಕಿ ಕಾಪಿಡುತ್ತಿದ್ದರು. ಈ ಗಂಟುಗಳು ಹತ್ತರ ಸ್ಥಾನಪದ್ಧತಿಯ ಅಂಕಿಗಳೆಂಬುದನ್ನು 1912ರಲ್ಲಿ ಅಮೆರಿಕದ ವಿದ್ವಾಂಸ ಲೆಲ್ಯಾಂಡ್ ಲಾಕ್ ತೋರಿಸಿಕೊಟ್ಟರು.

ಪ್ರತಿ ಗುಂಪಿಗೆ ಒಂದು ಮೀಟರಿನ ದಪ್ಪ ಹಗ್ಗವೊಂದನ್ನೂ ಅರ್ಧ ಮೀಟರಿನ ಆರು ಹತ್ತಿ ಹುರಿಗಳನ್ನೂ ಕೊಡಿ. ನೈಲಾನ್ ಬೇಡ, ಅದರಲ್ಲಿ ಗಂಟು ಜಾರುತ್ತದೆ. ಹಗ್ಗವನ್ನು ಎರಡು ಕುರ್ಚಿಗಳ ನಡುವೆ ಬಿಗಿದು, ಐದು ಹುರಿಗಳನ್ನು ಅದಕ್ಕೆ ಕಟ್ಟಿ ಇಳಿಬಿಡಿ. ಹಿಂದೆ ಮೂರು ಅಡ್ಡಗೆರೆಗಳ ರಟ್ಟೊಂದನ್ನು ನಿಲ್ಲಿಸಿದರೆ ಎಲ್ಲ ಹುರಿಗಳ ಸ್ಥಾನಗಳೂ ಒಂದೇ ಸಾಲಿಗೆ ಬರುತ್ತವೆ: ಮೇಲಿನದು ನೂರು, ನಡುವಿನದು ಹತ್ತು, ಕೆಳಗಿನದು ಬಿಡಿ.

ನೂರು ಮತ್ತು ಹತ್ತರ ಸ್ಥಾನದಲ್ಲಿ ಅಂಕಿ ಎಷ್ಟೋ ಅಷ್ಟು ಸಾದಾ ಗಂಟುಗಳನ್ನು ಒತ್ತೊತ್ತಾಗಿ ಹಾಕಬೇಕು. ಬಿಡಿಯ ಸ್ಥಾನದಲ್ಲಿ ಮಾತ್ರ ಕ್ರಮ ಬೇರೆ, ಇಲ್ಲಿ ಅವಸರ ಮಾಡಬಾರದು. ಹುರಿಯಲ್ಲೊಂದು ಸಡಿಲವಾದ ಕುಣಿಕೆ ಮಾಡಿ, ತುದಿಯನ್ನು ಅದರೊಳಗೆ ಅಂಕಿಯಷ್ಟು ಸಲ ಸುತ್ತಿ ಹಾಯಿಸಿ, ನಿಧಾನವಾಗಿ ಎಳೆದರೆ ಉದ್ದನೆಯ ಒಂದೇ ಗಂಟು ಬೀಳುತ್ತದೆ. ಅದರ ಸುತ್ತುಗಳನ್ನು ಬೆರಳಿನಿಂದ ಸವರಿಯೇ ಎಣಿಸಬಹುದು. ಒಂದೇ ಸುತ್ತು ಹಾಕಿದರೆ ಅದು ಸಾದಾ ಗಂಟೇ ಆಗಿಬಿಡುವುದರಿಂದ, ಬಿಡಿಯ ಒಂದಕ್ಕೆ ಇಂಕಾ ಲೆಕ್ಕಿಗರು 8ರ ಆಕಾರದ ಗಂಟು ಹಾಕುತ್ತಿದ್ದರು. ಇದರ ಕಾರಣವನ್ನು ನೀವು ಹೇಳದೆ, ಮಕ್ಕಳೇ ಕಂಡುಕೊಳ್ಳುವವರೆಗೆ ಕಾಯಿರಿ. ಸೊನ್ನೆಗೆ ಗಂಟೇ ಇಲ್ಲ, ಆ ಜಾಗ ಖಾಲಿ ಬಿಡಬೇಕು.

ಆಮೇಲೆ ನಿಜವಾದ ಲೆಕ್ಕ ಕೊಡಿ. ಅಂದು ಬಿಸಿಯೂಟಕ್ಕೆ ಕುಳಿತ ಮಕ್ಕಳನ್ನು ತರಗತಿವಾರು ಎಣಿಸಿಕೊಂಡು ಬರಲಿ. ಐದು ತರಗತಿಗಳಲ್ಲಿ 27, 31, 40, 19, 25 ಎಂದಾದರೆ ಐದು ಹುರಿಗಳು ತುಂಬುತ್ತವೆ. ಆರನೆಯ ಹುರಿಯನ್ನು ಹಗ್ಗದ ಮೇಲ್ಬದಿಗೆ ಕಟ್ಟಿ ಒಟ್ಟು ಮೊತ್ತವಾದ 142ನ್ನು ಅದರಲ್ಲಿ ದಾಖಲಿಸಬೇಕು. ಹಳೆಯ ಕಿಪುಗಳಲ್ಲೂ ಇಂಥ ಮೊತ್ತದ ಹುರಿಗಳು ಸಿಕ್ಕಿವೆ. ಬಳಿಕ ಗುಂಪುಗಳು ಕಿಪುಗಳನ್ನು ಅದಲುಬದಲು ಮಾಡಿಕೊಂಡು, ಒಂದು ಮಾತೂ ಆಡದೆ ಓದಲಿ. ಮೊತ್ತ ತಾಳೆಯಾಗದಿದ್ದರೆ ತಪ್ಪಿದ ಗಂಟನ್ನು ಓದಿದವರೇ ಹುಡುಕಬೇಕು.

ಎಲ್ಲ ಕಿಪುಗಳೂ ಈ ಕ್ರಮಕ್ಕೆ ಒಗ್ಗುವುದಿಲ್ಲ, ಕೆಲವನ್ನು ಇಂದಿಗೂ ಯಾರೂ ಓದಲಾಗಿಲ್ಲ ಎಂಬುದನ್ನು ಮಕ್ಕಳಿಗೆ ತಪ್ಪದೆ ತಿಳಿಸಿ. ಇಂಕಾ ಜನರನ್ನು ಅಳಿದುಹೋದವರೆಂದು ಮಾತ್ರ ಹೇಳಬೇಡಿ. ಅವರ ಕೆಚುವಾ ಭಾಷೆಯನ್ನು ಪೆರು, ಬೊಲಿವಿಯಾ, ಈಕ್ವೆಡಾರ್‌ಗಳಲ್ಲಿ ಲಕ್ಷಾಂತರ ಮಂದಿ ಇಂದಿಗೂ ಮನೆಮಾತಾಗಿ ಆಡುತ್ತಾರೆ.