ಎರಡೂವರೆ ರೂಪಾಯಿ ಕಾಗದ, 31 ವಾರ

ಮೊನ್ನೆ ನಮ್ಮ ಓಣಿಯ ಇನ್ನೊಬ್ಬ ಹುಡುಗನಿಗೆ ಅಗ್ನಿವೀರ್ ಟ್ರೇನಿಂಗಿಗೆ, ಅಂದರೆ ನಾಲ್ಕು ವರ್ಷದ ಸೇನೆ ಕೆಲಸದ ತರಬೇತಿಗೆ, ಕರೆ ಬಂತು. ರಾತ್ರಿ ಅವರಮ್ಮ ಬಂದು ನನ್ನ ಹೊಲಿಗೆ ಮಷಿನ್ ಪಕ್ಕ ಕೂತರು. "ಅಕ್ಕಾ, ನೀವು ಮಗನಿಗೆ ಅದೇನೋ ಕಾಗದ ಬರೀತಿದ್ರಲ್ಲ, ಹೆಂಗೆ ಬರೀತಿದ್ರಿ, ಹೇಳಿ" ಅಂದರು. ಹೋದ ವರ್ಷ ಇದೇ ಕಾಗದ ನೋಡಿ ನಕ್ಕವರಲ್ಲಿ ಅವರೂ ಒಬ್ಬರು. ನನ್ನ ವಾರಗಿತ್ತಿಯಂತೂ "ವಾಟ್ಸಾಪ್ ಕಾಲದಲ್ಲಿ ಇವಳೊಬ್ಬಳು ಅಂಚೆ ಡಬ್ಬಿ ಹುಡುಕ್ತಾಳೆ" ಅಂತ ನೆಂಟರ ಮುಂದೆಲ್ಲ ಹೇಳಿದ್ದಳು. ಈಗ ಕೇಳುವವರು ಜಾಸ್ತಿ ಆಗಿದ್ದಾರೆ. ಒಂದು ಸಲ ಬರೆದಿಟ್ಟರೆ ಎಲ್ಲರಿಗೂ ಆಯಿತು.

ಪರೀಕ್ಷೆ, ರ‍್ಯಾಲಿ, ಮೆಡಿಕಲ್ ವಿಷಯ ಬಿಡುತ್ತೇನೆ, ಅದು ನಿಮಗೆಲ್ಲ ಗೊತ್ತಿದೆ. ಮೊದಲ ವರ್ಷ ನಮ್ಮ ಹುಡುಗ ಓಟದಲ್ಲೇ ಬಿದ್ದ. ಕೋಚಿಂಗ್ ಅಂತ ಒಂದು ಕಡೆ 18,000 ಕಟ್ಟಿದ್ದೆವು. ನಾಲ್ಕು ತಿಂಗಳಲ್ಲಿ ಅವರು ಬಾಗಿಲು ಹಾಕಿದರು, ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಅವನೇ ಕುಂದವಾಡ ಕೆರೆ ಹತ್ತಿರ ದಿನಾ ಬೆಳಗಿನ ಜಾವ ಓಡಿದ. ಮುಂದಿನ ವರ್ಷ 1.6 ಕಿ.ಮೀ. ಅನ್ನು ಐದೂವರೆ ನಿಮಿಷದೊಳಗೆ ಮುಗಿಸಿ ಮೊದಲ ಗುಂಪಿನಲ್ಲಿ ಬಂದ.

31 ವಾರದ ಟ್ರೇನಿಂಗಿಗೆ ಹೊರಟಿದ್ದು ದೀಪಾವಳಿ ಆದ ಮೇಲೆ. ಸಿಕ್ಕಿದ್ದು ಮದ್ರಾಸ್ ರೆಜಿಮೆಂಟ್. ಸೆಂಟರ್ ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಕೂನೂರಿನ ಪಕ್ಕ, ಸುಮಾರು ಆರು ಸಾವಿರ ಅಡಿ ಎತ್ತರದಲ್ಲಿ. ನಮ್ಮ ಹುಡುಗ ದಾವಣಗೆರೆ ಬಿಸಿಲಲ್ಲಿ, ಅವರಪ್ಪನ ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ಬೆಳೆದವನು. ಅಲ್ಲಿ ಹೋದ ಕೂಡಲೇ ಫೋನ್ ತೆಗೆದಿಟ್ಟರು. ಭಾನುವಾರ ಸ್ವಲ್ಪ ಹೊತ್ತು ಕೈಗೆ ಬರುತ್ತಿತ್ತು, ಕೆಲವು ಭಾನುವಾರ ಅದೂ ಇಲ್ಲ.

ಮೊದಲ ಐದು ವಾರ ನಾನು ಮಾಡಿದ್ದೆಲ್ಲ ತಪ್ಪು.

ಮೊದಲನೇ ಕಾಗದ ನಾಲ್ಕು ಪುಟ ಬರೆದೆ. ನಿನ್ನ ಹಾಸಿಗೆ ಮಡಚಿ ಇಡೋಕೆ ಮನಸ್ಸು ಬರ್ತಿಲ್ಲ, ಅಜ್ಜಿ ನಿನ್ನ ಹೆಸರು ಹೇಳಿ ಅಳ್ತಾರೆ, ದುರ್ಗಾಂಬಿಕೆಗೆ ಹರಕೆ ಹೊತ್ತಿದ್ದೀನಿ, ಹೀಗೆ. ಭಾನುವಾರ ಫೋನ್ ಬಂದರೆ ಮನೆಯ ಐದು ಜನ ಕಿತ್ತಾಡುತ್ತಿದ್ದೆವು. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅಳುವುದೇ ಆಗುತ್ತಿತ್ತು. ಆಮೇಲೆ ಒಂದು ದೊಡ್ಡ ಡಬ್ಬ ತುಂಬಿ ಕೊರಿಯರ್ ಮಾಡಿದೆ: ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ನರ್ಗಿಸ್ ಮಂಡಕ್ಕಿ. ಖರ್ಚು 640 ರೂಪಾಯಿ ಇರಬೇಕು. ಟ್ರೇನಿಂಗ್ ಹುಡುಗರಿಗೆ ತಿಂಡಿ ಕಳಿಸಬಹುದಾ ಅಂತ ಮೊದಲು ಕೇಳಬೇಕಿತ್ತು, ಕೇಳಲಿಲ್ಲ. ಹದಿನೆಂಟು ದಿನಕ್ಕೆ ಡಬ್ಬ ವಾಪಸ್ ನಮ್ಮ ಬಾಗಿಲಿಗೇ ಬಂತು. ರೊಟ್ಟಿ ಪುಡಿಪುಡಿ, ಚಟ್ನಿ ಪುಡಿಗೆ ಕಮಟು ವಾಸನೆ.

ಐದನೇ ವಾರ ತಡೆಯಲಾಗದೆ ಯಜಮಾನರನ್ನು ಎಬ್ಬಿಸಿಕೊಂಡು ಹೊರಟೆ. ಮೈಸೂರಿನ ತನಕ ರೈಲು, ಅಲ್ಲಿಂದ ಬಸ್ಸು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚುತ್ತದೆ ಅನ್ನುವುದು ತಲೆಯಲ್ಲಿ ಇರಲಿಲ್ಲ. ಗುಂಡ್ಲುಪೇಟೆಯಲ್ಲಿ ರಾತ್ರಿ ಲಾಡ್ಜ್ ಹಿಡಿಯಬೇಕಾಯಿತು. ಮರುದಿನ ಗೇಟ್ ಹತ್ತಿರ ಹೋದರೆ ಭೇಟಿಗೆ ಅನುಮತಿ ತಗೊಂಡಿರಲಿಲ್ಲ, ಬಿಡಲಿಲ್ಲ. ಕಾವಲಿನ ಹುಡುಗ ಮರ್ಯಾದೆಯಿಂದಲೇ ಹೇಳಿದ. ದೂರದ ಮೈದಾನದಿಂದ "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು" ಅಂತ ನೂರಾರು ಹುಡುಗರ ಕೂಗು ಬರುತ್ತಿತ್ತು, ಅದು ಆ ರೆಜಿಮೆಂಟಿನ ಯುದ್ಧಘೋಷ. ಅದರಲ್ಲಿ ನನ್ನ ಮಗನ ದನಿ ಯಾವುದು ಅಂತ ಅರ್ಧ ಗಂಟೆ ಕಿವಿಗೊಟ್ಟು ನಿಂತೆ. ಗೊತ್ತಾಗಲಿಲ್ಲ. ಆ ತಿರುಗಾಟಕ್ಕೆ 4,600 ಆಯಿತು. ಭಾನುವಾರ ಫೋನಿನಲ್ಲಿ ಗೇಟಿನ ತನಕ ಬಂದಿದ್ದೆ ಅಂತ ಬಾಯಿಬಿಟ್ಟೆ. ಅವನು ಮಾತಾಡಲಿಲ್ಲ. ಆ ವಾರವೆಲ್ಲ ಓಟದಲ್ಲಿ ಹಿಂದೆ ಬಿದ್ದನಂತೆ.

ನಮ್ಮ ಓಣಿಯಲ್ಲಿ ರಿಟೈರ್ ಆದ ಹವಾಲ್ದಾರ್ ಒಬ್ಬರಿದ್ದಾರೆ. ಪ್ಯಾಂಟ್ ಆಲ್ಟರ್ ಮಾಡಿಸೋಕೆ ಬಂದಿದ್ದರು. ನನ್ನ ಮುಖ ನೋಡಿ ವಿಷಯ ಕೇಳಿದರು. "ಅಮ್ಮಾ, ಅವನು ನಾಲ್ಕೂವರೆಗೆ ಎದ್ದು, ಶೇವ್ ಮಾಡಿ, ಬೂಟಿಗೆ ಪಾಲಿಶ್ ಹಾಕಿ ಸಾಲಲ್ಲಿ ಫಾಲ್-ಇನ್ ಆಗ್ಬೇಕು. ನಿಮ್ಮ ಕಾಗದ ಓದಿದ ಮೇಲೆ ಅವನಿಗೆ ನಿದ್ದೆ ಬರುತ್ತಾ ಇಲ್ವಾ, ಅಷ್ಟು ನೋಡ್ಕೊಂಡು ಬರೀರಿ" ಅಂದರು. ಅವತ್ತೇ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಕಾಗದ ತಂದೆ. ಒಂದಕ್ಕೆ ಎರಡೂವರೆ ರೂಪಾಯಿ.

ಇನ್‌ಲ್ಯಾಂಡ್ ಯಾಕೆ ಅಂದರೆ ಅದರಲ್ಲಿ ಜಾಗ ಕಮ್ಮಿ. ಅಳೋಕೆ ಜಾಗ ಸಾಲಲ್ಲ. ಪ್ರತಿ ಭಾನುವಾರ ರಾತ್ರಿ ಕೆಲಸ ಮುಗಿಸಿ ಒಂದು ಬರೆಯುತ್ತಿದ್ದೆ, ಸೋಮವಾರ ಬೆಳಗ್ಗೆ ಡಬ್ಬಿಗೆ. ತಲುಪೋಕೆ ಐದಾರು ದಿನ. ಎರಡು ಕಾಗದ ಹಿಂದೆಮುಂದೆ ತಲುಪಿ ಅವನಿಗೆ ಗೊಂದಲ ಆಯಿತು, ಆಮೇಲೆ ಮೇಲೆ ಮೂಲೆಯಲ್ಲಿ ನಂಬರ್ ಹಾಕೋಕೆ ಶುರು ಮಾಡಿದೆ. ಆಗ ಅಲ್ಲಿ ಮಳೆ ಬೇರೆ. ಒಂದು ಕಾಗದದ ವಿಳಾಸ ಅರ್ಧ ಅಳಿಸಿ ಹೋಗಿತ್ತಂತೆ. ಅದಕ್ಕೆ ಮನೆಯಲ್ಲಿದ್ದ ಪೆನ್ನನ್ನೆಲ್ಲ ತೆಗೆದು, ಒಂದೊಂದರಲ್ಲೂ ವಿಳಾಸ ಬರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಜೆಲ್ ಪೆನ್ ಎಲ್ಲಾ ಹರಡಿತು. ಐದು ರೂಪಾಯಿಯ ಸಾದಾ ಬಾಲ್ ಪೆನ್ ಮಾತ್ರ ಹಾಗೇ ನಿಂತಿತು.

ಏನು ಬರೆಯುತ್ತಿದ್ದೆ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಬರ್ತೀಯಾ ಅಂತ ಇಲ್ಲ, ಮನೆ ಕಷ್ಟ ಇಲ್ಲ, ಬುದ್ಧಿಮಾತು ಇಲ್ಲ. ಆ ವಾರ ಕಣ್ಣಿಗೆ ಬಿದ್ದಿದ್ದು, ಕೊನೆಗೆ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಾದ ಒಂದು ಪ್ರಶ್ನೆ. ನೆನಪಿರುವ ಒಂದು ಹೇಳುತ್ತೇನೆ: "ಭಟ್ಟಿಯಲ್ಲಿ ಅಪ್ಪ ಮರಳು ಬದಲಾಯಿಸಿದರು. ಮಂಡಕ್ಕಿ ಈಗ ಬೆಳ್ಳಗೆ, ದಪ್ಪಗೆ ಅರಳುತ್ತಿದೆ. ನಿನ್ನ ಸೈಕಲ್ ಚೈನಿಗೆ ಎಣ್ಣೆ ಬಿಟ್ಟಿದ್ದೀನಿ. ಎದುರು ಮನೆ ಬೆಕ್ಕು ನನ್ನ ಬಟ್ಟೆ ಗಂಟಿನ ಮೇಲೆ ಮೂರು ಮರಿ ಹಾಕಿದೆ. ನಿಮ್ಮ ಲಂಗರಿನಲ್ಲಿ ಚಪಾತಿ ದಪ್ಪವೋ ತೆಳುವೋ?" ಲಂಗರ್ ಅಂದರೆ ಸೇನೆಯ ಅಡುಗೆಮನೆ. ಎರಡು ವಾರಕ್ಕೆ ಉತ್ತರ ಬಂತು: "ದಪ್ಪ. ಆರು ತಿಂದೆ. ಬೆಕ್ಕಿನ ಮರಿ ಯಾವ ಬಣ್ಣ?"

ಆ ಕಾಗದ ಹಿಡಿದುಕೊಂಡು ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹಾಲು ಉಕ್ಕಿ ಹೋಯಿತು.

ಉತ್ತರ ಬರೆಯೋಕೆ ಅವನಿಗೆ ಹೊತ್ತು ಎಲ್ಲಿಂದ ಬರಬೇಕು ಅಲ್ವಾ? ಇದೊಂದು ಮಾತ್ರ ನಾನು ಮೊದಲೇ ಸರಿಯಾಗಿ ಮಾಡಿದ್ದೆ. ಹೊರಡುವಾಗ ಬ್ಯಾಗಿನಲ್ಲಿ ನಮ್ಮ ಮನೆ ವಿಳಾಸ ಬರೆದ 20 ಇನ್‌ಲ್ಯಾಂಡ್ ಇಟ್ಟಿದ್ದೆ. ಅದರಲ್ಲಿ ಏಳು ವಾಪಸ್ ಬಂತು. ಏಳು ಕಮ್ಮಿ ಅನ್ನಬೇಡಿ. ಬೇರೆ ಹುಡುಗರ ಮನೆಗೆ ಒಂದೂ ಬಂದಿಲ್ಲ ಅಂತ ಆಮೇಲೆ ಅವರ ತಾಯಂದಿರೇ ಹೇಳಿದರು. ನನ್ನ ಪ್ರತಿ ಕಾಗದದ ಕೊನೇ ಸಾಲು ಒಂದೇ ಇರುತ್ತಿತ್ತು. ಅದೇನು ಅಂತ ಇಲ್ಲಿ ಬರೆಯಲ್ಲ, ಅದು ನಮ್ಮಿಬ್ಬರದು.

ಫೋನಿಗೂ ಒಂದು ಕ್ರಮ ಮಾಡಿದೆ. ವಾರಕ್ಕೆ ಒಬ್ಬರೇ ಮಾತಾಡುವುದು, ಪಾಳಿ ಪ್ರಕಾರ. ಉಳಿದವರು ಪಕ್ಕದಲ್ಲಿ ಸುಮ್ನೆ ಕೂರುವುದು. ಅತ್ತೆಯವರಿಗೆ ಮೊದಲು ಸಿಟ್ಟು ಬಂತು. ಅವರ ಪಾಳಿ ದಿನ ಪೂರ್ತಿ ಹತ್ತು ನಿಮಿಷ ಮೊಮ್ಮಗ ಅವರ ಹತ್ತಿರವೇ ಮಾತಾಡಿದ, ಸಿಟ್ಟು ಇಳಿಯಿತು. ಫೋನ್ ಬರದ ಭಾನುವಾರ ಯಾರಿಗೂ ಫೋನ್ ಮಾಡಿ ವಿಚಾರಿಸುವಂತಿಲ್ಲ. ಒಂದು ಸಲ ಮೂರು ವಾರ ಬರಲಿಲ್ಲ. ನನ್ನ ಮಷಿನ್‌ನಲ್ಲಿ ನೆಟ್ಟಗೆ ಒಂದು ಹೊಲಿಗೆ ಬೀಳಲಿಲ್ಲ ಆ ದಿನಗಳಲ್ಲಿ. ಅವರು ಫೈರಿಂಗಿಗೆ ಹೊರಗೆ ಹೋಗಿದ್ದರಂತೆ, ಅಷ್ಟೇ.

ಒಂಬತ್ತನೇ ವಾರದ ಫೋನ್ ನನ್ನ ಪಾಳಿ. "ಅವ್ವ, ನಂಗೆ ಆಗ್ತಿಲ್ಲ, ವಾಪಸ್ ಬರ್ತೀನಿ" ಅಂದ. ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋವು, ರಾತ್ರಿ ಜಾಸ್ತಿ. ಬಾ ಅನ್ನಲಿಲ್ಲ, ತಡ್ಕೋ ಅಂತಲೂ ಅನ್ನಲಿಲ್ಲ. ಯಾರಿಗೆ ಹೇಳಿದ್ದೀಯಾ ಅಂತ ಕೇಳಿದೆ. ಯಾರಿಗೂ ಇಲ್ಲ. ಹೇಳಿದರೆ ಹಿಂದಿನ ಬ್ಯಾಚಿಗೆ ಹಾಕುತ್ತಾರೆ ಅನ್ನುವ ಭಯ, ಎಲ್ಲಾ ಹುಡುಗರಿಗೂ ಅದೇ. ಮುಚ್ಚಿಟ್ಟು ಓಡಿದರೆ ಎಲುಬು ಬಿರುಕು ಬಿಡುತ್ತದೆ, ಆಗ ತಿಂಗಳುಗಟ್ಟಲೆ ಹಿಂದೆ ಬೀಳುತ್ತಾನೆ ಅಂತ ಹವಾಲ್ದಾರ್ ನನಗೆ ಮೊದಲೇ ಹೇಳಿದ್ದರು. "ಇವತ್ತೇ ಉಸ್ತಾದರಿಗೆ ಹೇಳಿ ಎಂ.ಐ. ರೂಮಿಗೆ ಹೋಗು. ವಾಪಸ್ ಬರೋ ಮಾತು ಮುಂದಿನ ಭಾನುವಾರ ಆಡೋಣ" ಅಂದೆ. ಉಸ್ತಾದ್ ಅಂದರೆ ಕಲಿಸುವವರು, ಎಂ.ಐ. ರೂಮ್ ಅಂದರೆ ಅಲ್ಲಿನ ಡಾಕ್ಟರ್ ಕೋಣೆ. ಐದು ದಿನ ಓಟ ಬಿಡಿಸಿ ಮಾತ್ರೆ ಕೊಟ್ಟರು. ಮುಂದಿನ ಭಾನುವಾರ ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದುಡ್ಡಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾ ನಿಧಿಗೆ, ಅಂದರೆ ನಾಲ್ಕು ವರ್ಷ ಆದ ಮೇಲೆ ಒಟ್ಟಿಗೆ ಕೊಡುವ ಉಳಿತಾಯಕ್ಕೆ, ಹೋಗಿ 21,000 ಕೈಗೆ. ಮೈದುನ ಮಹಡಿ ಕಟ್ಟಿಸೋಣ, ಸಾಲ ಎತ್ತೋಣ, ಮಗ ಕಂತು ಕಟ್ಟುತ್ತಾನೆ ಅಂದ. ನಾನು ಒಪ್ಪಲಿಲ್ಲ. ನಾಲ್ಕು ವರ್ಷ ಆದ ಮೇಲೆ ಸೇನೆಯಲ್ಲಿ ಉಳಿಯೋರು ನಾಲ್ಕರಲ್ಲಿ ಒಬ್ಬರು. ಹೊರಗೆ ಬಂದವರಿಗೆ ಸರ್ಕಾರದ ಪಾಲು, ಬಡ್ಡಿ ಸೇರಿ ಹನ್ನೊಂದು ಲಕ್ಷದ ಮೇಲೆ ಬರುತ್ತದೆ, ಪಿಂಚಣಿ ಇಲ್ಲ. ಮನೆ ಸಾಲದ ಭಾರ ಹೊತ್ತುಕೊಂಡು ಪರೇಡ್ ಮಾಡಬೇಕಾ ಹುಡುಗ? ಹೊರಡುವ ಮೊದಲೇ ಅವನ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆಸಿದ್ದೆ, ತಿಂಗಳಿಗೆ 5,000. ಮಹಡಿ ಇನ್ನೂ ಆಗಿಲ್ಲ. ಆಗದಿದ್ದರೂ ಪರವಾಗಿಲ್ಲ.

ಹೊಲಿಗೆಯವಳಾಗಿ ಒಂದು ಕೆಲಸ ಚೆನ್ನಾಗಿ ಮಾಡಿದೆ ಅಂತ ಹೆಮ್ಮೆ ಇದೆ. ಹೊರಡುವ ಮುಂಚೆ ಒಂದು ತಿಂಗಳು ಅವನಿಗೆ ಗುಂಡಿ ಹಾಕೋದು, ಕಿತ್ತ ಹೊಲಿಗೆ ಸೇರಿಸೋದು ಕಲಿಸಿದೆ. ದಾರಕ್ಕೆ ಮೇಣ ತಿಕ್ಕಿ, ಗುಂಡಿ ಕೆಳಗೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು ಬುಡಕ್ಕೆ ನಾಲ್ಕು ಸುತ್ತು. ಆ ಗುಂಡಿ ನೆಲದಲ್ಲಿ ತೆವಳಿದರೂ ಕೀಳಲ್ಲ. ಬ್ಯಾರಕ್ಕಿನಲ್ಲಿ ಇಪ್ಪತ್ತು ಹುಡುಗರಿಗೆ ಇವನೇ ಗುಂಡಿ ಹಾಕಿ ಕೊಟ್ಟನಂತೆ. ಕೇರಳದವರು, ಆಂಧ್ರದವರು, ತಮಿಳುನಾಡಿನವರು, ಭಾಷೆ ಬರದ ಮೊದಲ ತಿಂಗಳಲ್ಲಿ ಅವನಿಗೆ ಸ್ನೇಹಿತರಾಗಿದ್ದು ಸೂಜಿದಾರದಿಂದಲೇ. ಬನಿಯನ್ನಿಗೆ ಒಳಜೇಬು ಇಟ್ಟ ರೀತಿ ಮಾತ್ರ ನಾನು ಯಾರಿಗೂ ತೋರಿಸಿಲ್ಲ. ಬೇಕಾದವರು ಬಟ್ಟೆ ತಂದುಕೊಡಿ, ಹೊಲಿದು ಕೊಡುತ್ತೇನೆ.

ಜೂನ್‌ನಲ್ಲಿ ಕಸಂ ಪರೇಡ್, ಟ್ರೇನಿಂಗ್ ಮುಗಿಸಿ ಪ್ರಮಾಣ ಮಾಡುವ ದಿನ. ಈ ಸಲ ರೊಟ್ಟಿ ಮುರಿಯಬಾರದು ಅಂತ ಹಟ ಬಂತು. ನನ್ನ ತಮ್ಮ ದಿನಾ ಹರಿಹರಕ್ಕೆ ಬೈಕಿನಲ್ಲಿ ಹೋಗಿ ಬರುತ್ತಾನೆ. ಅವನ ಬೈಕಿಗೆ ಡಬ್ಬಿ ಕಟ್ಟಿ ಮೂರು ದಿನ ಕಳಿಸಿದೆ. ಪೇಪರ್ ಸುತ್ತಿ ಇಟ್ಟ ಇಪ್ಪತ್ತರಲ್ಲಿ ಹದಿನೇಳು ಮುರಿದವು. ತಟ್ಟೆಯಷ್ಟಗಲದ ಬದಲು ಸಾಸರಿನಷ್ಟಗಲ ತಟ್ಟಿದಾಗ ಒಂಬತ್ತು. ಕೊನೆಗೆ ಸ್ಟೀಲ್ ಡಬ್ಬಿಯ ತಳಕ್ಕೆ, ಸುತ್ತ, ಮೇಲೆ ಒತ್ತಿ ಮಂಡಕ್ಕಿ ತುಂಬಿದೆ. ಎರಡೇ ಮುರಿದವು. ಅದೇ ಡಬ್ಬಿ ವೆಲಿಂಗ್ಟನ್‌ಗೆ ಹೋಯಿತು.

ಪರೇಡಿನಲ್ಲಿ ಅವನು ಎರಡನೇ ಸಾಲಿನಲ್ಲಿದ್ದ. ಕಟೋರಾ ಕಟ್ ತಲೆ, ಎಲ್ಲರೂ ಒಂದೇ ಥರ. ನಾನು ಗುರುತು ಹಿಡಿದಿದ್ದು ಎಡಗೈ ಬೀಸುವ ರೀತಿಯಿಂದ, ಚಿಕ್ಕವನಿದ್ದಾಗಿಂದ ಹಾಗೇ ಅವನು. ಆಮೇಲೆ ಅಪ್ಪ ಅಮ್ಮಂದಿರಿಗೆ ಗೌರವ ಪದಕ ಹಾಕಿದರು. ಯಜಮಾನರ ಕೈ ನಡುಗುತ್ತಿತ್ತು, ಪದಕ ನೇರ ನಿಲ್ಲಲಿಲ್ಲ, ನಾನೇ ಪಿನ್ ಸರಿ ಮಾಡಿದೆ. ಸಂಜೆ ಅವನು ಪೆಟ್ಟಿಗೆ ತೆಗೆದು ನನ್ನ ಕಾಗದ ತೋರಿಸಿದ. ಬೂಟಿನ ಹಳೇ ಲೇಸಿನಲ್ಲಿ ಕಟ್ಟಿಟ್ಟಿದ್ದ, ನಂಬರ್ ಪ್ರಕಾರ. 25ರಲ್ಲಿ 24 ಇದ್ದವು. ಹನ್ನೊಂದನೆಯದು ಸಿಕ್ಕಿಲ್ಲ ಅಂತ ಬೇಜಾರು ಮಾಡಿಕೊಂಡ. ಅದರಲ್ಲಿ ಏನಿತ್ತು ಅಂತ ಮೂರು ಸಲ ಕೇಳಿದ. ನನಗೂ ನೆನಪಿರಲಿಲ್ಲ.

ಒಟ್ಟು ಲೆಕ್ಕ ಹಾಕಿದರೆ ಕೋಚಿಂಗ್, ಕೊರಿಯರ್, ಗೇಟಿನ ತನಕದ ತಿರುಗಾಟ ಸೇರಿ 23,000 ದಾಟಿ ನೀರಿಗೆ ಹೋಯಿತು. ಕೆಲಸಕ್ಕೆ ಬಂದಿದ್ದು ನಾನು ಬರೆದ 25, ಅವನಿಗೆ ಕೊಟ್ಟ 20, ಒಟ್ಟು 45 ಇನ್‌ಲ್ಯಾಂಡ್. 112 ರೂಪಾಯಿ 50 ಪೈಸೆ. ವಾರಗಿತ್ತಿಗೂ ಇದೇ ಲೆಕ್ಕ ಹೇಳಿದೆ. ಅವಳ ಅಣ್ಣನ ಮಗ ಈಗ ರ‍್ಯಾಲಿಗೆ ಓಡುತ್ತಿದ್ದಾನೆ.

ಈಗ ಮಗ ಉತ್ತರದ ಕಡೆ ಯೂನಿಟ್‌ನಲ್ಲಿದ್ದಾನೆ. ವಿಳಾಸದಲ್ಲಿ ಊರಿನ ಹೆಸರಿಲ್ಲ, ಯೂನಿಟ್ ಹೆಸರು ಮತ್ತು 56 ಎ.ಪಿ.ಓ. ಅನ್ನುವ ಸೇನಾ ಅಂಚೆ ಕಚೇರಿ ನಂಬರ್ ಮಾತ್ರ. ಅಂಚೆ ದರ ಅದೇ ಎರಡೂವರೆ. ಈಗ ಫೋನ್ ಅವನ ಕೈಯಲ್ಲೇ ಇರುತ್ತದೆ, ವಿಡಿಯೋ ಕಾಲ್ ಕೂಡ ಮಾಡುತ್ತಾನೆ. ಆದರೂ ಹೋದ ವಾರ "ಅವ್ವ, 42 ಬಂದಿಲ್ಲ, ಹಾಕಿದ್ಯಾ ಇಲ್ವಾ?" ಅಂತ ಕೇಳಿದ. ಹಾಕಿದ್ದೇನೆ. ಇವತ್ತು ರಾತ್ರಿ 43.