ಡಯೆಟ್ ಬಿಟ್ಟೊಡನೆ ಏರುವ ತೂಕವನ್ನು ಲೆಕ್ಕ ಹಾಕುವುದು ಹೇಗೆ?

ಕೆಲವು ತಿಂಗಳು ಅನ್ನ ಕಡಿಮೆ ಮಾಡಿ ತೂಕ ಇಳಿಸಿದವರು ಮತ್ತೆ ಕುಚ್ಚಲಕ್ಕಿ ಅನ್ನ, ಕೊದಿಲು, ಹಪ್ಪಳದ ಊಟಕ್ಕೆ ಮರಳಿದ ನಾಲ್ಕೈದು ದಿನಗಳಲ್ಲೇ ಒಂದೆರಡು ಕಿಲೊ ಏರುವುದು ಸಾಮಾನ್ಯ. ಕಾಸರಗೋಡಿನ ಕಡೆ ಮದುವೆ, ಜಾತ್ರೆಗಳ ತಿಂಗಳುಗಳಲ್ಲಂತೂ ಹೀಗಾದಾಗ ಗಾಬರಿಗೊಂಡು ರಾತ್ರಿಯ ಊಟವನ್ನೇ ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬೇಕಾಗಿಲ್ಲ, ಈ ಏರಿಕೆಯ ಬಹುಪಾಲು ಕೊಬ್ಬಲ್ಲ, ನೀರು.

ನಾವು ಉಂಡ ಅನ್ನದ ಒಂದಂಶವನ್ನು ದೇಹವು ಗ್ಲೈಕೊಜೆನ್ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂವರೆಗೆ ಕೂಡಿಡುತ್ತದೆ. ಇದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಡಯೆಟ್‌ನಲ್ಲಿ ಬರಿದಾದ ಈ ದಾಸ್ತಾನು ಅನ್ನ ಹೆಚ್ಚಿದೊಡನೆ ತುಂಬಿಕೊಳ್ಳುತ್ತದೆ. ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆಯ ಪಲ್ಯ, ಒಣಮೀನುಗಳಲ್ಲಿರುವ ಉಪ್ಪೂ ನೀರನ್ನು ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಳೆಲೆಯ ತುದಿಗೆ ಬಡಿಸಿದ್ದನ್ನೆಲ್ಲ ತಿಂದರೆ ಆ ಮಿತಿಯನ್ನು ದಾಟುವುದು ಕಷ್ಟವೇನಲ್ಲ.

ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕಿಲೊ ಕೊಬ್ಬು ಸೇರಲು ದೇಹದ ಅಗತ್ಯಕ್ಕಿಂತ ಸುಮಾರು 7,700 ಕಿಲೊ ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದು ಕಪ್ ಅನ್ನದಲ್ಲಿ ಸುಮಾರು 200 ಎಂದಿಟ್ಟುಕೊಂಡರೆ, ಮೂರು ದಿನಗಳಲ್ಲಿ ಒಂದೂವರೆ ಕಿಲೊ ಕೊಬ್ಬು ಬೆಳೆಯಲು ಮಾಮೂಲು ಊಟದ ಮೇಲೆ ದಿನಕ್ಕೆ ಹತ್ತೊಂಬತ್ತು ಕಪ್ ಅನ್ನ ಉಣ್ಣಬೇಕಾಗುತ್ತದೆ. ಯಾರೂ ಹಾಗೆ ಉಣ್ಣುವುದಿಲ್ಲ.

ಆದ್ದರಿಂದ ಮೊದಲು, ಡಯೆಟ್ ಮುಗಿಸುವ ವಾರದಲ್ಲಿ ಪ್ರತಿದಿನ ಬೆಳಗ್ಗೆ ಶೌಚದ ನಂತರ, ಚಹಾ ಕುಡಿಯುವ ಮುನ್ನ ತೂಕ ನೋಡಿ ಬರೆದಿಟ್ಟು, ಏಳು ದಿನಗಳ ಸರಾಸರಿ ತೆಗೆಯಿರಿ. ಬಳಿಕ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ: ಮೊದಲ ವಾರ ಮಧ್ಯಾಹ್ನ ಅರ್ಧ ಸೌಟು ಅನ್ನ, ಮುಂದಿನ ವಾರ ಬೆಳಗ್ಗೆ ಒಂದು ನೀರ್ದೋಸೆ, ಹೀಗೆ. ಇಳಿದ ದೇಹಕ್ಕೆ ಹಿಂದಿನಷ್ಟು ಆಹಾರ ಬೇಕಾಗುವುದಿಲ್ಲವಾದ ಕಾರಣ ಹಳೆಯ ಅಳತೆಗೇ ಮರಳಬೇಡಿ; ನನ್ನ ದೃಷ್ಟಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಮೊದಲ ಎರಡು ವಾರಗಳ ಏರಿಕೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಮೂರನೆಯ ವಾರದ ಸರಾಸರಿಯನ್ನು ಹೊಸ ಆಧಾರವಾಗಿಟ್ಟುಕೊಂಡು ನಾಲ್ಕನೆಯ, ಐದನೆಯ ವಾರದ ಸರಾಸರಿಗಳನ್ನು ಅದರೊಡನೆ ಹೋಲಿಸಿರಿ. ಅವು ನಿಂತಲ್ಲೇ ನಿಂತಿದ್ದರೆ ಊಟ ಸರಿಯಾಗಿದೆ. ಏರುತ್ತಲೇ ಇದ್ದರೆ ಕೊನೆಯಲ್ಲಿ ಸೇರಿಸಿದ್ದನ್ನು ಕೈಬಿಡಿ. ಮುಟ್ಟಿನ ಮುಂಚಿನ ದಿನಗಳಲ್ಲೂ ನೀರು ನಿಲ್ಲುವುದರಿಂದ, ಮಹಿಳೆಯರು ಒಂದು ತಿಂಗಳ ವಾರವನ್ನು ಮುಂದಿನ ತಿಂಗಳ ಅದೇ ವಾರದೊಡನೆ ಹೋಲಿಸುವುದು ಉತ್ತಮ.

ಮತ್ತೆ ಡಯೆಟ್ ಆರಂಭಿಸಿದಾಗ ಇದೇ ನೀರು ಮೊದಲು ಇಳಿದುಹೋಗುತ್ತದೆ. ಹಾಗಾಗಿ ಮೊದಲ ವಾರದ ದೊಡ್ಡ ಇಳಿಕೆಯನ್ನು ಕೊಬ್ಬಿನ ಲೆಕ್ಕಕ್ಕೆ ಸೇರಿಸದೆ, ಎರಡನೆಯ ವಾರದಿಂದ ಎಣಿಸಿರಿ. ಮಧುಮೇಹ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು; ತೂಕ ಏರುವುದರ ಜೊತೆಗೆ ಕಾಲು ಊದಿಕೊಂಡರೆ ಅಥವಾ ಏದುಸಿರು ಬಂದರೆ ಯಾರೇ ಆಗಲಿ, ವಾರದ ಸರಾಸರಿಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.